ಮುಟ್ಟು ನಿಂತ ಮೇಲಿನ ಉರಿಗೆ ಮದ್ದಿದೆ, ಕೇಳುವವರು ಬೇಕು

ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ ನಾನು ಕಳೆದ ಬೇಸಿಗೆಯಲ್ಲಿ ಚಿಂತಾಮಣಿಗೆ ಹೋದಾಗ, ಐವತ್ತನಾಲ್ಕರ ನನ್ನಕ್ಕ ಮೂತ್ರಕ್ಕೆ ಹೋಗಿ ಬಂದಾಗಲೆಲ್ಲ ಬಚ್ಚಲಮನೆಯ ಬಾಗಿಲು ಹಿಡಿದು, ಉರಿ ತಗ್ಗುವವರೆಗೆ ನಿಂತೇ ಇರುತ್ತಿದ್ದಳು. "ಉಷ್ಣ ಕಣೇ, ಬಾರ್ಲಿ ನೀರು ಕುಡಿದರೆ ಹೋಗುತ್ತೆ" ಎಂದಳು. ಎರಡು ವರ್ಷಗಳಲ್ಲಿ ಐದು ಸಲ ಆಂಟಿಬಯಾಟಿಕ್ ನುಂಗಿದ್ದಳು. ಯೋನಿ ಒಣಗಿದೆಯೇ, ಗಂಡನೊಡನೆ ಕೂಡುವಾಗ ನೋವಾಗುತ್ತದೆಯೇ ಎಂದು ಯಾವ ವೈದ್ಯರೂ ಕೇಳಿರಲಿಲ್ಲ. ಅವಳೂ ನಾಚಿಕೆಯಿಂದ ಹೇಳಿರಲಿಲ್ಲ.

ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದ ಮೇಲೆ ಯೋನಿಯ ಒಳಪೊರೆ ತೆಳುವಾಗಿ ಒಣಗುತ್ತದೆ, ಸೋಂಕನ್ನು ತಡೆಯುವ ಆಮ್ಲೀಯತೆಯೂ ಕುಗ್ಗುತ್ತದೆ. ಉರಿಮೂತ್ರ ಮತ್ತೆ ಮತ್ತೆ ಬರುವುದಕ್ಕೆ ಇದೂ ಕಾರಣ. ಮೈ ಬಿಸಿಯೇರುವ ತೊಂದರೆ ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ತಗ್ಗಿದರೂ ಯೋನಿಯ ಈ ಒಣಗುವಿಕೆ ತಾನಾಗಿ ವಾಸಿಯಾಗುವುದು ಅಪರೂಪ.

ನಾನಿರುವಲ್ಲಿ 2022ರ ಸೆಪ್ಟೆಂಬರಿನಿಂದ, ಮುಟ್ಟು ನಿಂತು ಕನಿಷ್ಠ ಒಂದು ವರ್ಷವಾದ, ಐವತ್ತು ದಾಟಿದ ಹೆಂಗಸರು ವೈದ್ಯರ ಚೀಟಿಯಿಲ್ಲದೆಯೇ ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಈಸ್ಟ್ರಡಯೋಲ್ (ಈಸ್ಟ್ರೋಜನ್‌ನ ಒಂದು ಬಗೆ) ಮಾತ್ರೆ ಕೊಳ್ಳಬಹುದು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ. ನಾನು ಮೆಚ್ಚುವುದು ಆ ಪ್ರಶ್ನೆಗಳನ್ನು, ಏಕೆಂದರೆ ನಾಚುವವಳ ಬಾಯಿಂದಲೂ ಅವು ಉತ್ತರ ಹೊರಡಿಸುತ್ತವೆ. ಚೀಟಿಯಿಲ್ಲದೆ ಮಾರುವ ಪದ್ಧತಿಯನ್ನು ನಮ್ಮಲ್ಲಿಗೆ ಹಾಗೆಯೇ ತರಬೇಕೆಂದು ನಾನು ಹೇಳಲಾರೆ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡವರು, ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕಾಣಲೇಬೇಕು.

ಊರಿನಲ್ಲಿ ಹಾರ್ಮೋನ್ ಎಂದೊಡನೆ ಕ್ಯಾನ್ಸರ್ ಎಂದು ಬೆಚ್ಚುತ್ತಾರೆ. 2002ರಲ್ಲಿ ಲೋಕವನ್ನೆಲ್ಲ ಹೆದರಿಸಿದ ಅಮೆರಿಕದ ಅಧ್ಯಯನ ಪರೀಕ್ಷಿಸಿದ್ದು ನುಂಗುವ ಮಾತ್ರೆಗಳನ್ನು. ಯೋನಿಗೆ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಅಕ್ಕನನ್ನು ಊರಿನಲ್ಲೇ ಒಬ್ಬ ಸ್ತ್ರೀರೋಗ ತಜ್ಞೆಯ ಬಳಿಗೆ ಕರೆದೊಯ್ದೆ. ಅವರು ಪರೀಕ್ಷಿಸಿ, ಈಸ್ಟ್ರೋಜನ್‌ನ ಇನ್ನೊಂದು ಬಗೆಯಾದ ಎಸ್ಟ್ರಿಯೋಲ್ ಕ್ರೀಮ್ ಬರೆದುಕೊಟ್ಟು, ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಹಚ್ಚಬೇಕೆಂದರು. ಅಷ್ಟು ದಿನ ಅವಳಿಗೆ ಸಿಗದಿದ್ದ ಮದ್ದು ಬಸ್ ಸ್ಟ್ಯಾಂಡಿನ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿಯೇ ಇತ್ತು. ಅಂಗಡಿಯವನು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ನಮ್ಮ ಆಶಾ ಕಾರ್ಯಕರ್ತೆಯರು ಬಸುರಿ ಬಾಣಂತಿಯರನ್ನು ಮನೆಬಾಗಿಲಿಗೆ ಬಂದು ವಿಚಾರಿಸುತ್ತಾರೆ. ಮುಟ್ಟು ನಿಂತವರನ್ನೂ ಅವರು ಹಾಗೆಯೇ ಮಾತನಾಡಿಸುವ ವ್ಯವಸ್ಥೆ ಬರಲಿ ಎಂದು ನಾನು ಬಯಸುತ್ತೇನೆ. ಅಕ್ಕ ಈಗ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೂ ಗುರುವಾರಕ್ಕೂ ಒಂದೊಂದು ಚುಕ್ಕೆ ಇಡುತ್ತಾಳೆ. ಆಂಟಿಬಯಾಟಿಕ್ ನುಂಗದೆ ಏಳು ತಿಂಗಳಾಯಿತಂತೆ.