ಪದ್ಮಿನಿಯ ಬಾಗಿಲು

ನಮ್ಮ ಹಳೇ ಪದ್ಮಿನಿ ಕಾರಿಗೆ ಬಾಗಿಲು ನಾಲ್ಕು, ಸ್ವಭಾವವೂ ನಾಲ್ಕು. ಹಿಂದಿನ ಎಡಗಡೆಯದನ್ನು ತುಸು ಎತ್ತಿ ದಬ್ಬಬೇಕು. ಬಲಗಡೆಯದು ಹೊರಗಿನಿಂದಷ್ಟೇ ತೆರೆಯುತ್ತದೆ. ಅಲ್ಲಿ ಕೂತವರು ಗಾಜಿಳಿಸಿ ಕೈ ಹೊರಹಾಕಬೇಕು. ಮುಂದಿನ ಎಡಗಡೆಯದಕ್ಕೆ ನನ್ನ ಹೆಂಡತಿಯ ಸೊಂಟದ ಏಟೇ ಆಗಬೇಕು. ನೆಟ್ಟಗಿರುವುದು ನನ್ನ ಕಡೆಯದೊಂದೇ ಎನ್ನುತ್ತೇನೆ. ಆಕೆ ಒಪ್ಪುವುದಿಲ್ಲ.

ಹೊಸ ಕಾರಿನ ನೆಂಟರು ಬಂದರೆ ಪೇಚು. ಬೆರಳ ತುದಿಯಲ್ಲಿ ಬಾಗಿಲೆಳೆದು ಕೂರುತ್ತಾರೆ. ಪಿ.ಬಿ. ರೋಡಿನ ಮೊದಲ ಹಂಪ್‌ಗೇ ಅದು ಗಡಗಡ ಎನ್ನುತ್ತದೆ. ಜೋರಾಗಿ ಹಾಕಿ ಎಂದರೆ, ‘ಹಳೇ ಗಾಡಿ, ಪಾಪ’ ಅನ್ನುತ್ತಾರೆ.

ಒಮ್ಮೆ ಕೀಲಿ ತಿರುಗದಾಗ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ದಿನ ಸೊಗಸಾಗಿ ತಿರುಗಿತು. ಆಮೇಲೆ ದಾವಣಗೆರೆಯ ಬೇಸಿಗೆ ಧೂಳೆಲ್ಲ ಅಲ್ಲೇ ಬಂದು ಕೂತಿತು. “ಎಣ್ಣೆ ತಲಿಗೆ ಹಚ್ಕಳ್ರಿ ಸರ, ಕೀಲಿಗಲ್ಲ” ಎಂದ ಮಿಸ್ತ್ರಿ, ಪೆಟ್ರೋಲಿನಲ್ಲಿ ತೊಳೆದು, ನನ್ನ ಮಗನ ಪೆನ್ಸಿಲ್ ಕಡ್ಡಿ ಹೆರೆದು, ಆ ಕರಿಪುಡಿಯನ್ನು ಕೀಲಿಯ ಹಲ್ಲಿಗೆ ಸವರಿ ಒಳಗೆ ಹೊರಗೆ ಆಡಿಸಿದ. ಗ್ರಾಫೈಟ್ ಜಾರುತ್ತದೆ, ಎಣ್ಣೆಯ ಹಾಗೆ ಧೂಳನ್ನು ಕರೆದು ಕೂರಿಸಿಕೊಳ್ಳುವುದಿಲ್ಲ. ಗ್ರೀಸೇನಿದ್ದರೂ ಚಿಲಕದ ನಾಲಗೆಗೆ. ಅದೂ ಹಳೆಯದನ್ನು ಒರೆಸಿ, ಬೆರಳ ತುದಿಯಷ್ಟು.

ಎತ್ತಿ ಹಾಕುವ ಬಾಗಿಲಿನಲ್ಲಿ ಚಿಲಕದ ತಪ್ಪೇ ಇರಲಿಲ್ಲ. ಬಿಜಾಗರಿಯ ಪಿನ್ನು ಸವೆದು ಬಾಗಿಲೇ ಜೋತಿತ್ತು. ಚಿಲಕ ಕಚ್ಚಿಕೊಳ್ಳುವ ಕಂಬದ ಕೊಂಡಿ ಒಂದು ಕಡೆ, ನಾಲಗೆ ಇನ್ನೊಂದು ಕಡೆ. ಹಿಂದೆ ಯಾರೋ ಪುಣ್ಯಾತ್ಮರು ಕೊಂಡಿಯನ್ನೇ ಅರದಲ್ಲಿ ಉಜ್ಜಿ ಹೊಂದಿಸಿದ್ದರು. ಮನೆ ವಾಲಿತೆಂದು ಬಾಗಿಲು ಕೊಯ್ದ ಹಾಗೆ! ಪದ್ಮಿನಿ ತಯಾರಾಗುವುದು ನಿಂತು ಹತ್ತಿರ ಹತ್ತಿರ ಕಾಲು ಶತಮಾನವಾಯಿತು. ಅದಕ್ಕೇ ಪಿನ್ನನ್ನು ಲೇತಿನಲ್ಲಿ ಕಡೆಸಿದ್ದಾಯಿತು.

ಒಳಗಿನ ರೆಕ್ಸಿನ್ ಹಲಗೆ ಬಿಚ್ಚಿದಾಗ ಬೇರೆಯೇ ಕಥೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹರಿದುಹೋಗಲೆಂದು ಬಾಗಿಲ ತಳದಲ್ಲಿ ತೂತುಗಳಿರುತ್ತವೆ. ನಮ್ಮವು ಮುಚ್ಚಿ, ಸುತ್ತ ತುಕ್ಕು ಹಿಡಿದಿತ್ತು. ಮುಚ್ಚಿದ್ದು ಮಂಡಕ್ಕಿ. ವರ್ಷಗಟ್ಟಲೆ ಅದೇ ಸಂದಿಯಿಂದ ಉದುರಿ, ನೆನೆದು, ಧೂಳಿನ ಜೊತೆ ಗಾರೆಯಾಗಿತ್ತು. ಮಿಸ್ತ್ರಿ ತಂತಿಯಿಂದ ಕೆದಕುತ್ತಿದ್ದಂತೆ ಒಂದು ಹೇರ್‌ಪಿನ್ನು, ಹತ್ತು ಪೈಸೆಯ ನಾಣ್ಯವೊಂದು ಕೆಳಗೆ ಬಿದ್ದವು. 2011ರಲ್ಲೇ ಚಲಾವಣೆ ಕಳೆದುಕೊಂಡ ನಾಣ್ಯ ನಮ್ಮ ಬಾಗಿಲೊಳಗೆ ಕ್ಷೇಮವಾಗಿತ್ತು. ಪಿನ್ನು ಯಾರದೆಂಬ ವಿಚಾರಣೆ ಮನೆಯಲ್ಲಿ ಎರಡು ದಿನ ನಡೆಯಿತು.

ಈಗ ನಾಲ್ಕೂ ಬಾಗಿಲು ಒಂದೇ ಸದ್ದಿಗೆ ಕೂರುತ್ತವೆ. ಹೆಂಡತಿ ಮಾತ್ರ ಇಳಿದವಳೇ ಸೊಂಟದಿಂದೊಂದು ಕೊಡುತ್ತಾಳೆ.

“ರಿಪೇರಿ ಆಗೇತಲ್ಲೇ!”

“ಗೊತ್ತೈತಿ ಬಿಡ್ರಿ.”