ಮೊಟ್ಟೆ ಇಡುವ ಜಾಗದಲ್ಲಿ ಪೆಪ್ಟೈಡ್ ಬಾಟಲಿ

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಕಾಫಿಗೆ ಹಾಲು ತೆಗೆಯೋಣ ಅಂತ ಫ್ರಿಜ್ ತೆರೆದರೆ, ಬಾಗಿಲಲ್ಲಿ ಮೊಟ್ಟೆ ಇಡುವ ಜಾಗದಲ್ಲಿ ಹೆಬ್ಬೆರಳಿನಷ್ಟು ಎರಡು ಗಾಜಿನ ಬಾಟಲಿ. ಒಂದರ ತಳದಲ್ಲಿ ಹತ್ತಿಯಂಥ ಬಿಳಿ ಪುಡಿ, ಇನ್ನೊಂದರಲ್ಲಿ ಅದನ್ನೇ ಕರಗಿಸಿದ ನೀರು. ಲೇಬಲ್ ಮೇಲೆ ಇಪಾಮೊರೆಲಿನ್ ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಸಂಶೋಧನೆಗೆ ಮಾತ್ರ'. ಹದಿನಾಲ್ಕು ವರ್ಷದಿಂದ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿರುವವಳು ನಾನು, ಆ ಹೆಸರು ಓದಿ ಕೈಕಾಲು ತಣ್ಣಗಾಯಿತು.

"ಚಿಕ್ಕಮ್ಮಾ, ಇದು ಸ್ಟೀರಾಯ್ಡ್ ಅಲ್ಲ. ನಮ್ಮ ದೇಹದ ಹಾರ್ಮೋನನ್ನೇ ಸ್ವಲ್ಪ ಜಾಸ್ತಿ ಬಿಡಿಸುತ್ತೆ ಅಷ್ಟೇ" ಅಂದ ಅಕ್ಕನ ಮಗ. ಜಿಮ್‌ನಲ್ಲಿ ಯಾರೋ ಹೇಳಿದ್ದಂತೆ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಸ್ಟೀರಾಯ್ಡ್ ಅಲ್ಲ ಅನ್ನೋದು ನಿಜ. ಇದೊಂದು ಪೆಪ್ಟೈಡ್, ಅಂದ್ರೆ ಪ್ರೋಟೀನಿನಂತೆಯೇ ಅಮೈನೋ ಆಮ್ಲಗಳು ಸೇರಿ ಆದ ಪುಟ್ಟ ಸರಪಳಿ. ನಿಜ ಹೇಳಬೇಕಂದ್ರೆ ಈ ಪೆಪ್ಟೈಡ್‌ಗಳ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದಲ್ಲಿ ಸಿರಿಲ್ ಬೋವರ್ಸ್ ಅವರ ತಂಡ, ನಮ್ಮ ದೇಹದಲ್ಲೇ ಇರುವ ನೋವು ತಗ್ಗಿಸುವ ಎನ್ಕೆಫಾಲಿನ್ ಅನ್ನೋ ಪುಟ್ಟ ಪೆಪ್ಟೈಡನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ ನೋಡುತ್ತಿತ್ತು. ನೋವು ತಗ್ಗಿಸುವ ಗುಣ ಹೋಯಿತು, ಆದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಬಿಡತೊಡಗಿತು! 1984ರ ಹೊತ್ತಿಗೆ ಬರೀ ಆರು ಅಮೈನೋ ಆಮ್ಲಗಳ ಜಿಎಚ್‌ಆರ್‌ಪಿ-6 ಬಂತು. ಅದು ಹೋಗಿ ಕೂರುವ ರಿಸೆಪ್ಟರ್ ಸಿಕ್ಕಿದ್ದು 1996ರಲ್ಲಿ. ಆ ರಿಸೆಪ್ಟರ್‌ಗೆ ದೇಹವೇ ಮಾಡಿಕೊಂಡಿದ್ದ ಹಾರ್ಮೋನು ಗ್ರೆಲಿನ್, ಅದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಹುಡುಕಿದ್ದು ಇಲಿಯ ಜಠರದಲ್ಲಿ. ನಕಲಿ ಕೀಲಿ ಮೊದಲು, ಬೀಗ ಆಮೇಲೆ, ಅಸಲಿ ಕೀಲಿ ಕೊನೆಗೆ. ಪ್ರತಿ ವರ್ಷ ಕ್ಲಾಸಲ್ಲಿ ಇದನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ.

ಇಪಾಮೊರೆಲಿನ್ ಕೂಡ ಅದೇ ಬೀಗದ ಇನ್ನೊಂದು ನಕಲಿ ಕೀಲಿ. ಅದನ್ನು ಇಪ್ಪತ್ತು ವರ್ಷದ ಹುಡುಗ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುತ್ತಿದ್ದಾನೆ, ಮೂರು ವಾರದಿಂದ.

ಇಪಾಮೊರೆಲಿನ್‌ನಿಂದ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರುವುದಿಲ್ಲ, ಅದಕ್ಕೇ ಸೇಫ್ ಅಂತ ಮಾರುವವರ ಮಾತು. 1998ರ ಆ ಫಲಿತಾಂಶ ಬಂದಿದ್ದು ಹಂದಿಗಳ ಮೇಲಿನ ಪ್ರಯೋಗದಿಂದ. ಆಮೇಲೆ ಆಪರೇಷನ್ ಆದವರ ಕರುಳು ಬೇಗ ಕೆಲಸ ಶುರುಮಾಡಲಿ ಅಂತ ರೋಗಿಗಳಿಗೆ ಕೊಟ್ಟು ನೋಡಿದರು, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇದೇ ರಿಸೆಪ್ಟರ್ ಮೇಲೆ ಕೆಲಸ ಮಾಡುವ ಎಂಕೆ-677 ಅನ್ನೋ ಮಾತ್ರೆಯ ಒಂದು ಪ್ರಯೋಗವನ್ನಂತೂ, ಸೊಂಟದ ಮೂಳೆ ಮುರಿದ ವಯಸ್ಸಾದವರಲ್ಲಿ ಹೃದಯದ ತೊಂದರೆಯ ಸುಳಿವು ಕಂಡು ಅರ್ಧಕ್ಕೇ ನಿಲ್ಲಿಸಿದರು. ಬೆಳವಣಿಗೆಯ ಹಾರ್ಮೋನು ಸ್ನಾಯುವಿಗೆ ಮಾತ್ರ ಹೋಗಿ ಕೂರಲ್ಲ ಅಲ್ವಾ? ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಸಕ್ಕರೆ ಏರಿಸುತ್ತದೆ. ವರ್ಷಗಟ್ಟಲೆ ಜಾಸ್ತಿಯಾದರೆ ಏನಾಗುತ್ತದೆ ಅನ್ನೋದಕ್ಕೆ ಅಕ್ರೊಮೆಗಲಿ ಕಾಯಿಲೆ ಇದೆ. ಕೈ, ಪಾದ, ದವಡೆ ದಪ್ಪವಾಗಿ ಹಳೇ ಉಂಗುರ, ಚಪ್ಪಲಿ ಹಿಡಿಸದಂತಾಗುತ್ತದೆ.

ಅವನು ತೋರಿಸಿದ ಕಾಗದದಲ್ಲಿ 'ಶುದ್ಧತೆ 99%' ಅಂತಿತ್ತು. ಎಚ್‌ಪಿಎಲ್‌ಸಿ ಯಂತ್ರದ ಲೆಕ್ಕ ಅದು. ಪುಡಿಯಲ್ಲಿ ಆ ಪೆಪ್ಟೈಡ್ ಎಷ್ಟಿದೆ, ಬೇರೆ ತುಣುಕು ಎಷ್ಟಿದೆ ಅಂತ ಹೇಳುತ್ತದೆ. ಬ್ಯಾಕ್ಟೀರಿಯಾ ಇದೆಯಾ, ಜ್ವರ ಬರಿಸುವ ಎಂಡೋಟಾಕ್ಸಿನ್ ಇದೆಯಾ ಅಂತ ಅದು ನೋಡುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು. ಲ್ಯಾಬಿನಲ್ಲಿ ಜೀವಕೋಶದ ತಟ್ಟೆಗೆ ಹಾಕಲು ಮಾಡಿದ್ದಕ್ಕೆ ಅದನ್ನೆಲ್ಲ ಯಾರು ಮಾಡಿಸುತ್ತಾರೆ? 'ಸಂಶೋಧನೆಗೆ ಮಾತ್ರ' ಅಂತ ಬರೆದು ಜಿಮ್ ಹುಡುಗರಿಗೆ ಮಾರುವವರ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಬೆಳವಣಿಗೆಯ ಹಾರ್ಮೋನು ಬಿಡಿಸುವ ಪೆಪ್ಟೈಡ್‌ಗಳಲ್ಲಿ ಔಷಧಿಗಳೂ ಇವೆ, ಇಲ್ಲ ಅನ್ನಲ್ಲ. ಎಚ್‌ಐವಿ ಇರುವವರ ಹೊಟ್ಟೆಯೊಳಗಿನ ಕೊಬ್ಬಿಗೆ ಟೆಸಾಮೊರೆಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ವೈದ್ಯರಿದ್ದಾರೆ, ಅಳತೆಯಿದೆ, ರಕ್ತಪರೀಕ್ಷೆಯಿದೆ.

ನಿಮ್ಮ ಮನೆ ಫ್ರಿಜ್ಜಲ್ಲೂ ಇಂಥದ್ದು ಕಂಡರೆ ದಯವಿಟ್ಟು ಮೊದಲೇ ಕೂಗಾಡಬೇಡಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅಂತ ಮೆಲ್ಲಗೆ ಕೇಳಿ, ಬಾಟಲಿ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾವು ಹಾಗೇ ಮಾಡಿದೆವು. ಫಾಸ್ಟಿಂಗ್ ಶುಗರ್, ಐಜಿಎಫ್-1 (ಬೆಳವಣಿಗೆಯ ಹಾರ್ಮೋನು ಜಾಸ್ತಿಯಾದರೆ ಏರುವ ಇನ್ನೊಂದು ಹಾರ್ಮೋನು) ಎರಡಕ್ಕೂ ರಕ್ತ ಕೊಟ್ಟು ಬಂದ ಸಂಜೆ, ಉಳಿದಿದ್ದ ಸೂಜಿಗಳ ಪ್ಯಾಕೆಟ್ಟನ್ನು ಅವನೇ ತಂದು ನನ್ನ ಕೈಗೆ ಕೊಟ್ಟ. ಅಕ್ಕ ಇನ್ನೂ ಅವನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.