ಗುಂಡಿಯೊಂದೇ ಕಂಟಿನ್ಯುಟಿ

ಬೇಸಿಗೆ ರಜೆಗೆ ಅಕ್ಕನ ಮಗ ಬಳ್ಳಾರಿಗೆ ಬಂದಿದ್ದ. ಪಿಯುಸಿ ಪರೀಕ್ಷೆ ಬರೆದು ತಲೆ ಖಾಲಿ ಮಾಡಿಕೊಂಡು ಬಂದ ಹುಡುಗ. ನಮ್ಮೂರ ಮೇ ತಿಂಗಳ ಬಿಸಿಲು ಗೊತ್ತಲ್ಲ, ಹನ್ನೊಂದು ಗಂಟೆ ಮೇಲೆ ನಾಯಿ ಕೂಡ ಬೀದಿಗೆ ಇಳಿಯೋದಿಲ್ಲ. ಕೂಲರ್ ಮುಂದೆ ಚಾಪೆ ಹಾಸಿ, ಒಗ್ಗರಣೆ ಮಿರ್ಚಿ ಪ್ಲೇಟು ನಡುವೆ ಇಟ್ಟುಕೊಂಡು ಇಬ್ಬರೂ ಕಾರ್ಟೂನ್ ನೋಡಲು ಕೂತೆವು. ಕಾರ್ಟೂನ್ ಅಂದದ್ದಕ್ಕೆ ಅವನಿಗೆ ಸಿಟ್ಟು ಬಂತು.

‘ಕಾರ್ಟೂನ್ ಅಲ್ಲ ಮಾಮ, ಯುನಿವರ್ಸ್.’

ಆಮೇಲೆ ಬಿಡಿಸಿ ಹೇಳಿದ. ಡಿಸಿ ಅನ್ನೋ ಅಮೆರಿಕದ ಕಾಮಿಕ್ಸ್ ಕಂಪನಿಯವರ ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ವಂಡರ್ ವುಮನ್ ಎಲ್ಲರಿಗೂ ಬೇರೆ ಬೇರೆ ಅನಿಮೇಷನ್ ಸಿನಿಮಾ ಇವೆ. ಆದರೆ ಎಲ್ಲರೂ ಇರೋದು ಒಂದೇ ಲೋಕದಲ್ಲಿ. ಒಬ್ಬನ ಸಿನಿಮಾದಲ್ಲಿ ಬಿದ್ದ ಗೋಡೆ ಇನ್ನೊಬ್ಬನ ಸಿನಿಮಾದಲ್ಲೂ ಬಿದ್ದೇ ಇರಬೇಕು. ಅದಕ್ಕೆ ಕಂಟಿನ್ಯುಟಿ ಅಂತಾರಂತೆ. 2013ರಿಂದ 2020ರವರೆಗೆ ಹೀಗೆ ಹದಿನೈದು ಹದಿನಾರು ಸಿನಿಮಾ ತೆಗೆದಿದ್ದಾರೆ.

ಶುರುವಾಗೋದು ಫ್ಲ್ಯಾಶ್ ಅನ್ನೋ ಹೀರೋನಿಂದ. ಆತ ಎಷ್ಟು ಜೋರಾಗಿ ಓಡುತ್ತಾನೆ ಅಂದರೆ ಕಾಲವೇ ಹಿಂದಕ್ಕೆ ಹೋಗುತ್ತೆ. ಹಾಗೆ ಹಿಂದಕ್ಕೆ ಓಡಿ, ಚಿಕ್ಕಂದಿನಲ್ಲಿ ಕೊಲೆಯಾದ ತನ್ನ ತಾಯಿಯನ್ನು ಉಳಿಸಿಕೊಂಡ. ಒಳ್ಳೆ ಕೆಲಸವೇ. ಆದರೆ ತಿರುಗಿ ಬಂದು ನೋಡಿದರೆ ಲೋಕವೆಲ್ಲ ಏರುಪೇರು. ಬ್ಯಾಟ್‌ಮ್ಯಾನ್ ಸತ್ತು ಅವನ ಅಪ್ಪ ಬ್ಯಾಟ್‌ಮ್ಯಾನ್ ಆಗಿದ್ದಾನೆ. ಸೂಪರ್‌ಮ್ಯಾನ್‌ನನ್ನು ಸರ್ಕಾರ ಹಿಡಿದು ನೆಲಮಾಳಿಗೆಗೆ ಹಾಕಿದೆ, ಬಿಸಿಲಿನಿಂದಲೇ ಶಕ್ತಿ ಬರೋ ಮನುಷ್ಯ ಬಿಸಿಲು ಕಾಣದೆ ಒಣಗಿದ ಕಡ್ಡಿಯಂತಾಗಿದ್ದಾನೆ. (ಬಳ್ಳಾರಿಗೆ ಕಳಿಸಿದ್ದರೆ ಎರಡೇ ದಿನದಲ್ಲಿ ಸರಿಹೋಗುತ್ತಿದ್ದ.) ಫ್ಲ್ಯಾಶ್ ಮತ್ತೆ ಓಡಿ ಸರಿ ಮಾಡಿದ. ಪೂರ್ತಿ ಮೊದಲಿನಂತಾಗಲಿಲ್ಲ, ಸ್ವಲ್ಪ ಆಚೀಚೆ ಆಯಿತು. ಆ ಆಚೀಚೆ ಆದ ಲೋಕದಲ್ಲೇ ಮುಂದಿನ ಸಿನಿಮಾಗಳೆಲ್ಲ ನಡೆಯೋದು. 2020ರ ಕೊನೇ ಸಿನಿಮಾದಲ್ಲಿ ಡಾರ್ಕ್‌ಸೈಡ್ ಅನ್ನೋ ದುಷ್ಟ ಬಂದು ಭೂಮಿಯನ್ನು ಯಾರಿಂದಲೂ ರಿಪೇರಿ ಮಾಡಲಾಗದಂತೆ ಹಾಳು ಮಾಡಿದ. ಆಗ ಏನು ಮಾಡಿದರು ಅಂತೀರಿ? ಫ್ಲ್ಯಾಶ್‌ನನ್ನು ಕರೆದು ಇನ್ನೊಂದು ಸಲ ಓಡು ಅಂದರು. ಅದೇ ವರ್ಷ ಹೊಸ ಯುನಿವರ್ಸ್ ಶುರು. ಅದನ್ನೂ 2024ಕ್ಕೆ ಮುಗಿಸಿದರು.

‘ಹಂಗಾದ್ರೆ ಇಷ್ಟು ವರ್ಷ ನೋಡಿದ್ದೆಲ್ಲ?’

‘ಕ್ಯಾನ್ಸಲ್ ಮಾಮ.’

ಹುಡುಗ ನನ್ನ ಮುಖ ನೋಡಿದ. ಆಶ್ಚರ್ಯ ಆಗುತ್ತೆ ಅಂದುಕೊಂಡಿದ್ದ ಪಾಪ. ಬಳ್ಳಾರಿಯವನಿಗೆ ಇದರಲ್ಲಿ ಆಶ್ಚರ್ಯ ಎಲ್ಲಿಂದ ಬರಬೇಕು?

ನಮ್ಮ ತಾತ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯದವರಾದರು. 1973ಕ್ಕೆ ಕರ್ನಾಟಕದವರಾದರು. ಇಷ್ಟೆಲ್ಲ ಆದರೂ ಅವರು ಕೌಲ್ ಬಜಾರಿನ ಅದೇ ಓಣಿಯ ಅದೇ ಕಟ್ಟೆಯಿಂದ ಎದ್ದಿರಲಿಲ್ಲ. ರಾಯಚೂರಿನ ಬೀಗರದು ಇನ್ನೊಂದು ಯುನಿವರ್ಸ್. ಅವರು ನಿಜಾಮನ ಹೈದರಾಬಾದಿನಿಂದ 1956ರಲ್ಲಿ ನಮ್ಮ ಕಥೆಗೆ ಬಂದು ಸೇರಿದವರು. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾಯಿತು. ನಮ್ಮ ಬಳ್ಳಾರಿಯನ್ನಂತೂ ನಿಜಾಮ 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದ. ಆದರೂ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದಾಗ ನಾವೂ ಹೈದರಾಬಾದ್ ಕರ್ನಾಟಕ ಆದೆವು. ಇದಕ್ಕೆ ಕ್ರಾಸ್‌ಓವರ್ ಅಂತಾರೆ ಅಂತ ಹುಡುಗನೇ ಹೇಳಿಕೊಟ್ಟ.

2014ರಲ್ಲಿ ಊರಿನ ಹೆಸರು ಬಳ್ಳಾರಿ ಅಂತಾಯಿತು. ನಾವು ಹುಟ್ಟಿದಾಗಿನಿಂದ ಬಳ್ಳಾರಿ ಅಂತಲೇ ಅನ್ನುತ್ತಿದ್ದೆವು. ತಿದ್ದಿಕೊಳ್ಳಬೇಕಾಗಿದ್ದು ಇಂಗ್ಲಿಷ್ ಬೋರ್ಡುಗಳು ಮಾತ್ರ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಮತ್ತೆ ಬೋರ್ಡು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಹಂಪಿ ಆ ಕಡೆ ಹೋಯಿತು, ಹೊಸಪೇಟೆ ಹೋಯಿತು. ನಮ್ಮ ಪಾಲಿಗೆ ಉಳಿದದ್ದು ಕೋಟೆ ಗುಡ್ಡ, ಜೀನ್ಸ್ ಪ್ಯಾಂಟು, ಸಂಡೂರಿನ ಕೆಂಪು ಧೂಳು. ಬೋರ್ಡು ಬರೆಯುವ ಪೇಂಟರ್ ಒಬ್ಬನೇ ಈ ಎಲ್ಲ ಯುನಿವರ್ಸಿನಲ್ಲೂ ಸುಖವಾಗಿದ್ದವನು.

ವ್ಯತ್ಯಾಸ ಒಂದೇ. ಅವರ ಫ್ಲ್ಯಾಶ್ ಓಡಿದರೆ ಹಳೇದೆಲ್ಲ ಅಳಿಸಿ ಹೋಗುತ್ತೆ. ನಮ್ಮಲ್ಲಿ ಹೆಸರು ಓಡುತ್ತೆ, ಗುಂಡಿ ಇದ್ದಲ್ಲೇ ಇರುತ್ತೆ.

ನಮ್ಮ ಓಣಿಯನ್ನೇ ತಗೊಳ್ಳಿ. ಸಿಮೆಂಟ್ ರಸ್ತೆ ಹಾಕಿದರು. ಹುಡುಗರು ಅದರ ಮೇಲೆ ಕ್ರಿಕೆಟ್ ಆಡಿ ಒಂದು ತಿಂಗಳಾಗಿರಲಿಲ್ಲ, ಪೈಪಿನವರು ಬಂದು ನಡುವೆ ಉದ್ದಕ್ಕೂ ಸೀಳಿದರು. ಕೆಂಪು ಮಣ್ಣು ತುಂಬಿ ಹೋದರು. ಅದು ಕುಸಿಯುವ ಮೊದಲೇ ಕೇಬಲ್‌ನವರು ಬಂದು ಅಡ್ಡಕ್ಕೆ ಸೀಳಿದರು. ಪೈಪಿನವರ ಯುನಿವರ್ಸಿನಲ್ಲಿ ರಸ್ತೆ ಅನ್ನೋದೇ ಇಲ್ಲ. ರಸ್ತೆಯವರ ಯುನಿವರ್ಸಿನಲ್ಲಿ ಪೈಪು ಇಲ್ಲ. ಎಲ್ಲರೂ ಬಂದು ಸೇರೋದು ನಮ್ಮ ಮನೆ ಮುಂದಿನ ಗುಂಡಿಯಲ್ಲಿ ಮಾತ್ರ. ಒಂದು ದಿನ ನನ್ನ ಸ್ಕೂಟರ್ ಕೂಡ ಹೋಗಿ ಸೇರಿತು. ಮೊಣಕಾಲು ಕೆತ್ತಿಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಚಹಾ ಕೊಟ್ಟರು.

‘ಅದು ಹಿಂದಿನ ಅವಧೀದು ಸಾರ್. ನಮಗೆ ಬರಂಗಿಲ್ಲ.’

ನೋಡಿ, ಎಷ್ಟು ಸಲೀಸಾಗಿ ನನ್ನ ಮೊಣಕಾಲನ್ನು ಹಳೇ ಯುನಿವರ್ಸಿಗೆ ಕಳಿಸಿಬಿಟ್ಟರು! ಗಾಯದಿಂದ ರಕ್ತ ಮಾತ್ರ ಈ ಅವಧಿಯಲ್ಲೇ ಬರುತ್ತಿತ್ತು.

ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಹೈದರಾಲಿ ಕಾಲದ್ದು. ಕೋಟೆ ಎದ್ದು ನಿಂತ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆ ಕಥೆ ಮುಗೀತು. ಹೈದರಾಲಿ ಆ ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದನಂತೆ. ಜಾಸ್ತಿಯಾಯಿತು ಬಿಡಿ. ಆದರೆ ‘ಆ ಗುಡ್ಡ ಹಿಂದಿನ ಅವಧೀದು ಸಾರ್’ ಅನ್ನಲು ಅವನಿಗೆ ತೋಚಲಿಲ್ಲ ನೋಡಿ.

ಮರುದಿನ ಇನ್ನೊಂದು ಸಿನಿಮಾ ಹಾಕಿದ. ಅದರ ಹಿಂದಿನದರಲ್ಲಿ ಸೂಪರ್‌ಮ್ಯಾನ್ ಸತ್ತಿರುತ್ತಾನೆ. ಇದರಲ್ಲಿ ನಾಲ್ಕು ಜನ ಬಂದು ನಾನೇ ಮುಂದಿನ ಸೂಪರ್‌ಮ್ಯಾನ್ ಅಂತ ನಿಲ್ಲುತ್ತಾರೆ. ಒಬ್ಬ ಕಬ್ಬಿಣದ ಅಂಗಿ ತೊಟ್ಟವನು, ಒಬ್ಬ ಮೀಸೆ ಬರದ ಹುಡುಗ, ಇನ್ನಿಬ್ಬರ ವಿಷಯ ಬೇಡ. ನನಗೆ ತಕ್ಷಣ ನಮ್ಮ ಓಣಿಯ ಮೂಲೆ ನೆನಪಾಯಿತು. ರಸ್ತೆ ಮಂಜೂರಾದ ಸುದ್ದಿ ಬಂದ ದಿನ ಅಲ್ಲೂ ನಾಲ್ಕು ಫ್ಲೆಕ್ಸ್ ಎದ್ದಿದ್ದವು. ನಾಲ್ಕರಲ್ಲೂ ನಾಲ್ಕು ಜನ ಕೈಮುಗಿದು, ಈ ರಸ್ತೆ ನನ್ನ ಸತತ ಪ್ರಯತ್ನದ ಫಲ ಅನ್ನುತ್ತಿದ್ದರು. ಸಿನಿಮಾದಲ್ಲಿ ನಾಲ್ವರಲ್ಲಿ ಒಬ್ಬ ಡಾರ್ಕ್‌ಸೈಡ್ ಕಡೆಯವನು ಅಂತ ಆಮೇಲೆ ಗೊತ್ತಾಗುತ್ತೆ. ನಮ್ಮಲ್ಲಿ ಯಾರು ಅಂತ ನಾನು ಹೇಳೋದಿಲ್ಲ. ಇದೇ ಓಣಿಯಲ್ಲಿ ಬದುಕಬೇಕು.

‘ನಿಮ್ ಕಡೆ ಒಬ್ರೂ ಸೂಪರ್‌ಹೀರೋ ಇಲ್ವಾ ಮಾಮ?’ ಅಂತ ಕೇಳಿದ.

ಇದ್ದರಪ್ಪ ಅಂದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ತುಂಬಿ ನಿಂತ ನೀರು ಹೊಳೆಗೆ ನುಗ್ಗುತ್ತಿತ್ತು. ಈ ಡ್ಯಾಮನ್ನು ನಂಬಿದವರು ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕಡೆ ಇದ್ದಾರೆ. ಶೇರ್ಡ್ ಯುನಿವರ್ಸ್ ಅಂದರೆ ಇದು. ಅವತ್ತು ಯಾರೂ ಹಾರಿಕೊಂಡು ಬರಲಿಲ್ಲ. ಬಂದವರು ಕನ್ನಯ್ಯ ನಾಯ್ಡು ಅಂತ, ಎಂಬತ್ತರ ಹತ್ತಿರದ ವಯಸ್ಸಿನ ಗೇಟು ತಜ್ಞರು. ಅವರು, ಮತ್ತೆ ಹೆಸರೇ ಗೊತ್ತಿಲ್ಲದ ಕೆಲಸಗಾರರು. ಹರಿಯೋ ನೀರಿನಲ್ಲೇ ಒಂದರ ಮೇಲೊಂದು ಉಕ್ಕಿನ ತಡೆ ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. 19ನೇ ಗೇಟಿಗೆ ಬೇರೆ ಹೆಸರು ಇಡೋಣ ಅಂತ ಅಲ್ಲಿ ಯಾರೂ ಅನ್ನಲಿಲ್ಲ.

‘ಸಿನಿಮಾ ಬಂತಾ ಅವರ ಮೇಲೆ?’

ಬಂದಿಲ್ಲ. ಆದರೆ ಅದೇ ಡ್ಯಾಮಿನ ತಳಕ್ಕೆ ಹೋಗಿ ನೋಡು, ನಿಜವಾದ ಕಂಟಿನ್ಯುಟಿ ಅಲ್ಲಿದೆ ಅಂದೆ. ಕಟ್ಟಿದಾಗ 130ಕ್ಕೂ ಜಾಸ್ತಿ ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯೋದು ಸುಮಾರು 105. ಉಳಿದದ್ದು ಹೂಳು. ಯಾವ ಸರ್ಕಾರ ಬಂದರೂ ಹೋದರೂ ಹೂಳು ಹಿಂದಿನ ಅವಧೀದು ಅಂತ ಎದ್ದು ಹೋಗಲಿಲ್ಲ. ಮೇಲೆ ಮೇಲೆ ಕೂತಿತು. ಎಡದಂಡೆ ಕಾಲುವೆಯ ಕೊನೇ ಭಾಗದ ರಾಯಚೂರಿನ ರೈತನಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಹುಡುಗ ಊರಿಗೆ ಹೊರಡುವ ಹಿಂದಿನ ದಿನ ನಮ್ಮ ಓಣಿಯಲ್ಲಿ ಮತ್ತೆ ಗುದ್ದಲಿ ಪೂಜೆ. ಅದೇ ರಸ್ತೆಗೆ, ಹೊಸ ಯೋಜನೆಯ ಹೊಸ ಹೆಸರಿನಲ್ಲಿ. ಜೆಸಿಬಿಗೆ ಚೆಂಡುಹೂವಿನ ಹಾರ, ಕುಂಕುಮ. ಗುಂಡಿ ಕಾಣದಂತೆ ಅದರ ಮೇಲೇ ಶಾಮಿಯಾನ. ಕಪ್ಪು ಗ್ರಾನೈಟಿನ ಅಡಿಗಲ್ಲು, ಬಂಗಾರದ ಬಣ್ಣದಲ್ಲಿ ಹದಿನಾರು ಹೆಸರು. ಹಿಂದಿನ ಸಲದ ಅಡಿಗಲ್ಲು ಎಲ್ಲಿ ಹೋಯಿತು ಅಂತ ಅವತ್ತಿನ ಗಣ್ಯರು ಯಾರೂ ಕೇಳಲಿಲ್ಲ. ನಮಗೆ ಗೊತ್ತಿತ್ತು. ಎದುರುಮನೆ ಅಜ್ಜಿಯ ಬಚ್ಚಲ ಪಕ್ಕದಲ್ಲಿ ಮಕಾಡೆ ಮಲಗಿದೆ. ಹೆಸರುಗಳು ಕೆಳಗೆ, ನುಣುಪಾದ ಬೆನ್ನು ಮೇಲೆ. ಬಟ್ಟೆ ಒಗೆಯೋಕೆ ಅಂಥ ಕಲ್ಲು ದುಡ್ಡು ಕೊಟ್ಟರೂ ಸಿಗೋದಿಲ್ಲ.

ಭಾಷಣ ಮುಗಿಯಿತು. ತೆಂಗಿನಕಾಯಿ ಹೋಳು ಹಂಚಿದರು. ಕಾರುಗಳು ಹೋದವು, ಅವುಗಳ ಹಿಂದೆ ಜೆಸಿಬಿಯೂ ಹೋಯಿತು. ನಾನು ಒಳಗೆ ಹೋಗೋಣ ಅಂತ ತಿರುಗಿದರೆ ಹುಡುಗ ಕೈ ಹಿಡಿದು ನಿಲ್ಲಿಸಿದ.

‘ತಡಿ ಮಾಮ. ಎಲ್ಲಾ ಮುಗಿದ್ ಮೇಲೆ ಕೊನೇಗೆ ಒಂದು ಸೀನ್ ಇರ್ತೈತೆ.’

ಎದುರುಮನೆ ಬಾಗಿಲು ತೆರೆಯಿತು. ಅಜ್ಜಿ ಸೆರಗಿಗೆ ಕೈ ಒರೆಸುತ್ತಾ ಬಂದರು. ಹೊಸ ಕಲ್ಲಿನ ಮುಂದೆ ಕೂತು, ಹೆಸರುಗಳ ಮೇಲೆ ಗೇಣು ಇಟ್ಟು ಅಳೆದರು. ಉದ್ದಕ್ಕೆ ಐದು, ಅಗಲಕ್ಕೆ ನಾಲ್ಕು.

‘ಹೋದ ಸಲದಕ್ಕಿಂತ ದೊಡ್ದೈತೆ ನೋಡಪ್ಪಾ. ಪಾತ್ರೆ ತೊಳೆಯಾಕೆ ಆಗ್ತೈತೆ,’ ಅಂದರು.